ಬೀಗದ ಕೈ ಯಾರ ಜೇಬಿನಲ್ಲಿತ್ತು

ಇಪ್ಪತ್ತು ಪುಟ ಓದುವಷ್ಟರಲ್ಲಿ ಪುಸ್ತಕ ಮಗುಚಿಟ್ಟು ಅಡುಗೆಮನೆಗೆ ಎದ್ದುಹೋದೆ. ಹಾಲಿಗೆ ಹೆಪ್ಪು ಹಾಕುವುದಿತ್ತು, ನಿಜ. ಆದರೆ ಅದು ಹತ್ತು ನಿಮಿಷ ತಡವಾದರೆ ಮೊಸರೇನೂ ಕೆಡುತ್ತಿರಲಿಲ್ಲ. ಎದ್ದದ್ದು ಮುಂದಿನ ಪುಟದ ಹೆದರಿಕೆಗೆ. ಹೆಪ್ಪು ಹಾಕಿ, ಪಾತ್ರೆ ಮುಚ್ಚಿ, ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿ, ಮತ್ತೆ ಬಂದು ಕೂತಾಗ ಹುಡುಗಿ ಇನ್ನೂ ಅದೇ ಬಾಗಿಲ ಮುಂದೆ ನಿಂತಿದ್ದಳು. ಬೀಗದ ಕೈ ಇನ್ನೂ ಅವಳ ಕೈಯಲ್ಲೇ ಇತ್ತು.

ಪುಸ್ತಕ 'ಸಾರಾಸ್ ಕೀ'. ಬರೆದವರು ತತಿಯಾನಾ ದ ರೋನೆ. ತಂದೆ ಫ್ರೆಂಚ್, ತಾಯಿ ಬ್ರಿಟಿಷ್; ಬರೆದದ್ದು ಇಂಗ್ಲಿಷಿನಲ್ಲಿ, 2006ರಲ್ಲಿ ಮೊದಲು ಹೊರಬಂದದ್ದು ಮಾತ್ರ ಫ್ರೆಂಚಿನಲ್ಲಿ. ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡು ತಂದು ಎರಡು ವರ್ಷ ಕಪಾಟಿನಲ್ಲೇ ಇಟ್ಟಿದ್ದೆ. ಯುದ್ಧ, ಮಗು, ಸಾವು ಈ ಮೂರೂ ಬೆನ್ನುಡಿಯಲ್ಲೇ ಇದ್ದರೆ ನನ್ನ ಕೈ ಹಿಂದೆಗೆಯುತ್ತದೆ. ಓದುಗರನ್ನು ಅಳಿಸಲೆಂದೇ ಕೂತು ಬರೆದ ಪುಸ್ತಕಗಳ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಈ ಬರಹದಲ್ಲಿ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ಕಾದಂಬರಿಯನ್ನು ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ.

1942ರ ಜುಲೈ 16, ಜರ್ಮನರ ವಶದಲ್ಲಿದ್ದ ಪ್ಯಾರಿಸ್, ಬೆಳಗಿನ ಜಾವ. ಮರೇ ಎಂಬ ಹಳೆಯ ಬಡಾವಣೆಯ ಒಂದು ಮನೆಯ ಬಾಗಿಲನ್ನು ಪೊಲೀಸರು ಬಡಿಯುತ್ತಾರೆ. ಒಳಗೆ ತಾಯಿ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಮಿಶೆಲ್. ಪೋಲೆಂಡಿನಿಂದ ಬಂದು ನೆಲೆಸಿದ ಯೆಹೂದಿ ಕುಟುಂಬ. ಮಕ್ಕಳ ಕೋಣೆಯ ಗೋಡೆಯಲ್ಲಿ, ಗೊತ್ತಿಲ್ಲದವರ ಕಣ್ಣಿಗೆ ಬೀಳದಂಥ ಒಂದು ಕಪಾಟು ಇದೆ. ಅಕ್ಕ ತಮ್ಮ ಆಡುವ ಜಾಗ ಅದು. ಹುಡುಗ ಅದರೊಳಗೆ ಹೋಗಿ ಕೂರುತ್ತಾನೆ. ಅಕ್ಕ ಹೊರಗಿನಿಂದ ಬೀಗ ಹಾಕಿ, ಆಮೇಲೆ ಬಂದು ತೆಗೆಯುತ್ತೇನೆ ಎಂದು ಮಾತು ಕೊಟ್ಟು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ. ನಮ್ಮ ಕಣ್ಣಾಮುಚ್ಚಾಲೆಯಲ್ಲೂ 'ಹಕ್ಕಿ ಅಡಗಿಸಿಕೊಳ್ಳಿ' ಎಂಬ ಕೂಗಿದೆಯಲ್ಲ. ಅವಳು ಮಾಡಿದ್ದು ಅಷ್ಟೇ.

ಇಲ್ಲಿ ಲೇಖಕಿ ಅವಳಿಗೆ ಹೆಸರು ಕೊಟ್ಟಿಲ್ಲ. ಬಹಳ ಪುಟಗಳವರೆಗೆ ಅವಳು ಬರೀ 'ಹುಡುಗಿ'. ಶೀರ್ಷಿಕೆಯಲ್ಲೇ ಹೆಸರಿದ್ದರೂ ಕಥೆಯೊಳಗೆ ಅದು ತಡವಾಗಿ ಸಿಗುತ್ತದೆ. ಮೊದಮೊದಲು ಇದು ತಂತ್ರ ಅನ್ನಿಸಿ ಕಿರಿಕಿರಿಯಾಯಿತು. ಆ ದಿನಗಳ ನಿಜವಾದ ಪಟ್ಟಿಗಳ ಬಗ್ಗೆ ಓದಿದ ಮೇಲೆ ಹಾಗನ್ನಿಸಲಿಲ್ಲ.

ಹತ್ತು ವರ್ಷದ ಮಗುವಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಈ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ. ನನ್ನ ಮಟ್ಟಿಗೆ ಕಾದಂಬರಿ ಗಟ್ಟಿಯಾಗಿ ನಿಲ್ಲುವುದೂ ಅದೇ ಕಾರಣಕ್ಕೆ. ಅದಕ್ಕೂ ಮೊದಲು, 1941ರಲ್ಲಿ, ಪ್ಯಾರಿಸ್ಸಿನಲ್ಲಿ ಯೆಹೂದಿಗಳನ್ನು ಹಿಡಿದದ್ದು ಮೂರು ಸಲ: ಮೇ, ಆಗಸ್ಟ್ ಮತ್ತು ಡಿಸೆಂಬರಿನಲ್ಲಿ. ಮೂರು ಸಲವೂ ಹಿಡಿದದ್ದು ಗಂಡಸರನ್ನು. ಹಾಗಾಗಿ ಜುಲೈಯಲ್ಲಿ ಮತ್ತೆ ಏನೋ ಆಗಲಿದೆ ಎಂಬ ಗುಸುಗುಸು ಹಬ್ಬಿದಾಗ ಗಂಡಸರು ನೆಲಮಾಳಿಗೆಯಲ್ಲೋ ಪರಿಚಯದವರ ಮನೆಯಲ್ಲೋ ಅವಿತುಕೊಂಡರು. ಹೆಂಗಸರು, ಮಕ್ಕಳು ಮನೆಯಲ್ಲೇ ಉಳಿದರು. ಅವರನ್ನೇನು ಮಾಡಿಯಾರು ಎಂಬ ಧೈರ್ಯ. ಕಾದಂಬರಿಯ ತಂದೆಯೂ ನೆಲಮಾಳಿಗೆಯಲ್ಲಿ ಅವಿತವನೇ; ಹೆಂಡತಿಯ ಕೂಗು ಕೇಳಿ ತಾನೇ ಹೊರಬರುತ್ತಾನೆ. ದೊಡ್ಡವರ ಲೆಕ್ಕವೇ ತಪ್ಪಿದ ಮನೆಯಲ್ಲಿ ಹುಡುಗಿಯೊಬ್ಬಳ ಲೆಕ್ಕ ತಪ್ಪಿತೆಂದು ಬೈಯುವುದು ಹೇಗೆ?

ಅವತ್ತು ಮತ್ತು ಮರುದಿನ ಸೇರಿ ಹಿಡಿದವರು ಸುಮಾರು 13,000 ಮಂದಿ. 13,152 ಎಂಬ ಸಂಖ್ಯೆ ಈಗ ಎಲ್ಲ ಕಡೆ ಕಾಣುತ್ತದೆ. ಅದರಲ್ಲಿ ಮಕ್ಕಳು 4,115. ಬಾಗಿಲು ಬಡಿದವರು ಜರ್ಮನ್ ಸೈನಿಕರಲ್ಲ, ಫ್ರೆಂಚ್ ಪೊಲೀಸರು. ಅವರ ಕೈಯಲ್ಲಿದ್ದ ವಿಳಾಸದ ಚೀಟಿಗಳು ಪ್ಯಾರಿಸ್ ಪೊಲೀಸ್ ಕಚೇರಿಯದೇ ಕಾರ್ಡ್ ಸಂಗ್ರಹದಿಂದ ಬಂದವು. ಸರಕಾರ ಹೇಳಿತೆಂದು ತಾವೇ ಠಾಣೆಗೆ ಹೋಗಿ ಹೆಸರು ಬರೆಸಿ ಬಂದಿದ್ದ ಜನ ಅವರು. ಚೀಟಿಗಳ ಪ್ರಕಾರ ಸಿಗಬೇಕಾಗಿದ್ದವರು 27,000ಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಜನ ತಪ್ಪಿಸಿಕೊಂಡರು. ಮೊದಲೇ ಸುದ್ದಿ ಕೊಟ್ಟ ಕೆಲವು ಪೊಲೀಸರೂ ಇದ್ದರು, ಬಾಗಿಲು ತೆರೆದು ಒಳಗೆ ಕರೆದುಕೊಂಡ ನೆರೆಯವರೂ ಇದ್ದರು.

ಹಿಡಿದವರನ್ನು ಸಾಗಿಸಿದ್ದು ಊರಿನ ಮಾಮೂಲಿ ಸಿಟಿ ಬಸ್ಸುಗಳಲ್ಲಿ. ಇದನ್ನು ಓದಿ ಬಹಳ ಹೊತ್ತು ಅಲ್ಲೇ ನಿಂತೆ. ದಿನಾ ಕಚೇರಿಗೆ, ಸಂತೆಗೆ ಹೋಗುವ ಬಸ್ಸು. ಚಾಲಕನೂ ದಿನದ ಚಾಲಕನೇ. ಕಾದಂಬರಿಯ ಹುಡುಗಿ ಕಿಟಕಿಯಿಂದ ನೋಡುವುದು ತನ್ನದೇ ಊರನ್ನು.

ಮಕ್ಕಳಿದ್ದ ಕುಟುಂಬಗಳನ್ನು, ಸುಮಾರು 8,000 ಜನರನ್ನು, ತಂದು ತುಂಬಿದ್ದು ವೆಲೋದ್ರೋಮ್ ದಿವೇರ್ ಎಂಬ ಒಳಾಂಗಣ ಸೈಕಲ್ ಕ್ರೀಡಾಂಗಣಕ್ಕೆ. ಜನರ ಬಾಯಲ್ಲಿ ಅದು 'ವೆಲ್ ದಿವ್'. ಐಫೆಲ್ ಗೋಪುರಕ್ಕೆ ಹತ್ತಿರ, ನೆಲಾತೋಂ ಬೀದಿಯಲ್ಲಿತ್ತು. ಆರು ದಿನ ಹಗಲೂ ರಾತ್ರಿ ನಡೆಯುವ ಸೈಕಲ್ ಪಂದ್ಯಕ್ಕೆ ಹೆಸರಾದ ಜಾಗ. ವಿಮಾನದಾಳಿಯ ಭಯಕ್ಕೆ ಗಾಜಿನ ಚಾವಣಿಗೆ ಕಡುನೀಲಿ ಬಣ್ಣ ಬಳಿದಿದ್ದರು. ಜುಲೈ ತಿಂಗಳ ಸೆಕೆ, ಮುಚ್ಚಿದ ಕಿಟಕಿ, ಹಗಲೂ ರಾತ್ರಿ ಉರಿಯುವ ದೀಪ, ಕೆಟ್ಟು ನಿಂತ ಪಾಯಿಖಾನೆ, ಕುಡಿಯಲು ನೀರಿಲ್ಲ. ಐದು ದಿನ. ಮೇಲಿನಿಂದ ಹಾರಿ ಪ್ರಾಣ ಬಿಟ್ಟವರಿದ್ದರು. ಅಲ್ಲಿಗೆ ಬಂದ ಅಗ್ನಿಶಾಮಕ ದಳದ ನಾಯಕ ಪಿಯೆರೆ, ಬೇಡವೆಂದರೂ ಕೇಳದೆ, ಬೆಂಕಿ ಆರಿಸುವ ಕೊಳವೆಗಳನ್ನು ಬಿಡಿಸಿ ಜನರಿಗೆ ನೀರು ಕುಡಿಸಿದ. ಬಂಧಿತರು ತುರುಕಿದ ಚೀಟಿಗಳನ್ನೆಲ್ಲ ಅವನ ಹುಡುಗರು ಜೇಬಿನಲ್ಲಿ ಒಯ್ದು ಅಂಚೆಗೆ ಹಾಕಿದರು. ಕೈಯಲ್ಲಿ ಕೊಳವೆ ಇದ್ದವನಿಗೆ ನೀರು ಬಿಡಬೇಕೆಂದು ತೋಚಿತು. ಅಲ್ಲಿ ಕೈಯಲ್ಲಿ ಏನೇನೋ ಇದ್ದವರು ಬೇಕಾದಷ್ಟು ಮಂದಿ ಇದ್ದರು.

ಕಾದಂಬರಿಯಲ್ಲಿ ಹುಡುಗಿ ಈ ಐದೂ ದಿನ ಲೆಕ್ಕ ಹಾಕುತ್ತಿರುತ್ತಾಳೆ. ತಮ್ಮನ ಹತ್ತಿರ ಸ್ವಲ್ಪ ನೀರಿದೆ. ಅಪ್ಪನಿಗೆ ಹೇಳುತ್ತಾಳೆ. ಅಪ್ಪನ ಮುಖ ನೋಡಿದಾಗ ಅವಳಿಗೆ ಮೊದಲ ಬಾರಿಗೆ ಗೊತ್ತಾಗುತ್ತದೆ, ಇವನ ಕೈಯಲ್ಲೂ ಏನೂ ಇಲ್ಲ ಎಂದು. ಇಡೀ ಪುಸ್ತಕದಲ್ಲಿ ನನ್ನನ್ನು ಅಳಿಸಿದ್ದು ಇದೊಂದೇ ಜಾಗ. ಕಪಾಟು ತೆರೆಯುವ ದೃಶ್ಯವಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಓದುಗರಿಗೆಲ್ಲ ಗೊತ್ತಿರುತ್ತದೆ, ಗೊತ್ತಿಲ್ಲದವಳು ಅವಳೊಬ್ಬಳೇ.

ಚರಿತ್ರೆಯ ಕಡೆಗೆ ಬಂದರೆ ಕಾದಂಬರಿಗಾರ್ತಿ ಕಟ್ಟಿದ ಕಪಾಟಿಗಿಂತ ಕತ್ತಲಾದ ಜಾಗಗಳು ಕಾಗದಪತ್ರಗಳಲ್ಲಿವೆ. ಮೊದಲು ಜರ್ಮನರು ಕೇಳಿದ್ದು 16 ದಾಟಿದವರನ್ನು. ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದು ಸೂಚಿಸಿದ್ದು, ಜರ್ಮನರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರಕಾರದ ಮುಖ್ಯಸ್ಥ ಪಿಯೇರ್ ಲವಾಲ್. ಪ್ಯಾರಿಸ್ಸಿನಲ್ಲಿದ್ದ ನಾಜಿ ಎಸ್‌ಎಸ್ ಅಧಿಕಾರಿ ಡಾನೆಕರ್ 1942ರ ಜುಲೈ 6ರಂದು ಬರ್ಲಿನ್ನಿಗೆ ಕಳಿಸಿದ ತಂತಿಯಲ್ಲಿ ಇದು ದಾಖಲಾಗಿದೆ. ಜರ್ಮನ್ ವಶದಲ್ಲಿದ್ದ ಭಾಗದ ಮಕ್ಕಳ ವಿಚಾರದಲ್ಲಿ ಲವಾಲ್‌ಗೆ ಆಸಕ್ತಿಯಿಲ್ಲ ಎಂದೂ ಅದರಲ್ಲಿದೆ. ನಾಲ್ಕು ದಿನ ಕಳೆದು ಇದೇ ಮನುಷ್ಯ ಮಂತ್ರಿಮಂಡಲದಲ್ಲಿ ಹೇಳಿದ್ದು ಬೇರೆ: ಮಾನವೀಯತೆಯಿಂದ, ಮಕ್ಕಳು ತಂದೆತಾಯಿಯ ಜೊತೆ ಹೋಗಲು ತಾನು ಅನುಮತಿ ಪಡೆದಿದ್ದೇನೆ ಎಂದು. ನಡಾವಳಿಯಲ್ಲಿ ಆ ಪದವೇ ಇದೆ, ಮಾನವೀಯತೆ.

ಜೊತೆ ಹೋದರೇ? ಇಲ್ಲ. ವೆಲ್ ದಿವ್‌ನಿಂದ ಕುಟುಂಬಗಳನ್ನು ಪ್ಯಾರಿಸ್ಸಿನ ದಕ್ಷಿಣಕ್ಕಿದ್ದ ಪಿತಿವಿಯೇ ಮತ್ತು ಬೋನ್-ಲಾ-ರೋಲಾಂದ್ ಶಿಬಿರಗಳಿಗೆ ಒಯ್ದರು. ರೈಲುಗಳು ಸಿದ್ಧವಾಗಿದ್ದವು. ಮಕ್ಕಳನ್ನು ಕಳಿಸುವ ಬಗ್ಗೆ ಬರ್ಲಿನ್ನಿನ ಅಂತಿಮ ಏರ್ಪಾಡು ಮಾತ್ರ ಇನ್ನೂ ಆಗಿರಲಿಲ್ಲ. ರೈಲು ಖಾಲಿ ಹೋಗಬಾರದಲ್ಲ, ತಾಯಂದಿರನ್ನು ಮೊದಲು ಹತ್ತಿಸಿದರು. ಬಿಡಲೊಲ್ಲದ ಮಕ್ಕಳನ್ನು ಎಳೆದು ಬಿಡಿಸಿದವರು, ನೀರು ಎರಚಿ ಚದುರಿಸಿದವರು ಸಶಸ್ತ್ರ ಪೊಲೀಸರಾದ ಫ್ರೆಂಚ್ ಜೆಂದಾರ್ಮ್‌ಗಳು. ಸುಮಾರು ಎರಡು ವಾರ ಸಾವಿರಾರು ಮಕ್ಕಳು ತಾವಷ್ಟೇ ಶಿಬಿರದಲ್ಲಿ ಉಳಿದರು. ಆಗಸ್ಟ್ ನಡುವೆ ಅವರನ್ನು ಪ್ಯಾರಿಸ್ ಹತ್ತಿರದ ದ್ರಾಂಸಿ ಶಿಬಿರಕ್ಕೆ ತಂದು, ಅಲ್ಲಿಂದ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಕಳಿಸಿದರು. ದ್ರಾಂಸಿಯಲ್ಲಿ ಬಂದಿಯಾಗಿದ್ದ ಜಾರ್ಜ್ ವೆಲೆರ್ಸ್ 1961ರಲ್ಲಿ, ಈ ಸಾಗಾಟಗಳನ್ನು ಏರ್ಪಡಿಸಿದ್ದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯ ಕಟಕಟೆಯಲ್ಲಿ ನಿಂತು ಆ ಮಕ್ಕಳ ಬಗ್ಗೆ ಸಾಕ್ಷ್ಯ ನುಡಿದರು. ಎರಡು ಮೂರು ವರ್ಷದವಕ್ಕೆ ತಮ್ಮ ಹೆಸರೇ ಗೊತ್ತಿರಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದ ಹೆಸರು ಮನೆಯ ಮುದ್ದಿನ ಹೆಸರು. ಪಟ್ಟಿ ಬರೆಯುವವನಿಗೆ ಅದರಿಂದೇನು ಉಪಯೋಗ. ನಾನು ತಂತ್ರ ಎಂದುಕೊಂಡಿದ್ದ 'ಹುಡುಗಿ' ನೆನಪಾದದ್ದು ಇಲ್ಲಿ.

ಕಾದಂಬರಿಯ ಹುಡುಗಿ ಬೋನ್-ಲಾ-ರೋಲಾಂದ್‌ನಿಂದ ತಂತಿಬೇಲಿ ನುಸುಳಿ ತಪ್ಪಿಸಿಕೊಳ್ಳುತ್ತಾಳೆ. ಇದು ಸಿನಿಮಾದಂತಿದೆ ಎಂದು ಮೂಗು ಮುರಿಯುವ ಮೊದಲು ಒಂದು ಮಾತು. ಅದೇ ಶಿಬಿರದಿಂದ ಜೋಸೆಫ್ ವೈಸ್ಮನ್ ಎಂಬ 11 ವರ್ಷದ ಹುಡುಗ ಇನ್ನೊಬ್ಬ ಹುಡುಗನ ಜೊತೆ ಮುಳ್ಳುತಂತಿಯ ಸುರುಳಿಗಳಡಿ ಗಂಟೆಗಟ್ಟಲೆ ತೆವಳಿ ನಿಜಕ್ಕೂ ಪಾರಾಗಿದ್ದ. ತಂದೆ, ತಾಯಿ, ಅಕ್ಕತಂಗಿಯರು ಯಾರೂ ಹಿಂದಿರುಗಲಿಲ್ಲ.

ಇಷ್ಟೆಲ್ಲ ಓದುತ್ತ ಹೋದಾಗ ಒಂದು ಸಣ್ಣ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಬಂಧಿಸಲು ಹೋಗುವ ಪೊಲೀಸರಿಗೆ ಕೊಟ್ಟಿದ್ದ ಲಿಖಿತ ಸೂಚನೆಗಳು ಉಳಿದಿವೆ. ಚರ್ಚೆ ಬೇಡ, ಆದಷ್ಟು ಬೇಗ ಹೊರಡಿಸಿ. ಎರಡು ಕಂಬಳಿ, ಎರಡು ದಿನದ ಊಟ ತೆಗೆದುಕೊಳ್ಳಲು ಹೇಳಿ. ಗ್ಯಾಸ್, ವಿದ್ಯುತ್, ನೀರಿನ ಮೀಟರುಗಳು ಬಂದಾಗಿವೆಯೇ ನೋಡಿ. ಸಾಕುಪ್ರಾಣಿಗಳಿದ್ದರೆ ಕಾನ್ಸಿಯರ್ಜ್‌ಗೆ ಒಪ್ಪಿಸಿ. ಮನೆಯ ಬೀಗದ ಕೈಯನ್ನೂ ಕಾನ್ಸಿಯರ್ಜ್ ಹತ್ತಿರ ಕೊಡಿ. ಕಾನ್ಸಿಯರ್ಜ್ ಅಂದರೆ ಅಲ್ಲಿನ ವಠಾರಗಳ ಕೆಳಮನೆಯಲ್ಲಿದ್ದು ಗೇಟು, ಮೆಟ್ಟಿಲು, ಅಂಚೆ ಎಲ್ಲ ನೋಡಿಕೊಳ್ಳುವವರು. ಯಾರು ಬಂದರು, ಯಾರು ಹೋದರು ಎಲ್ಲ ಅವರ ಕಣ್ಣಿಗೆ ಬೀಳುತ್ತದೆ.

ಬೆಕ್ಕು, ಪಂಜರದ ಹಕ್ಕಿ, ಗ್ಯಾಸಿನ ಮೀಟರು. ಎಷ್ಟು ಜವಾಬ್ದಾರಿಯುತ ಸೂಚನೆ ನೋಡಿ! ಅಡುಗೆಮನೆಗೆ ಹೋಗಿ ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಿ ಬಂದ ನನಗೆ ಈ ಸಾಲು ಓದಿ ಮೈ ಜುಂ ಎಂದಿತು. ಊರಿಗೆ ಹೊರಟವರಿಗೆ ನಾವು ಹೇಳುವ ಮಾತೇ ಇದು. ಇದನ್ನು ಟೈಪು ಮಾಡಿದ ಗುಮಾಸ್ತನಿಗೆ ಆ ಮನೆಯವರು ತಿರುಗಿ ಬರುವುದಿಲ್ಲ ಎಂದು ಗೊತ್ತಿತ್ತೋ ಇಲ್ಲವೋ, ಮನೆ ಮಾತ್ರ ಚೆನ್ನಾಗಿರಬೇಕೆಂದು ಗೊತ್ತಿತ್ತು.

ಕಾದಂಬರಿಯ ಮೇಲೆ ನನಗಿರುವ ತಕರಾರು ಹುಟ್ಟಿದ್ದೂ ಇಲ್ಲೇ. ಚರಿತ್ರೆಯಲ್ಲಿ ಬೀಗದ ಕೈ ಇದ್ದದ್ದು ದೊಡ್ಡವರ ಕೈಯಲ್ಲಿ, ಪೊಲೀಸರಿಂದ ಕಾನ್ಸಿಯರ್ಜ್‌ಗೆ, ಅಲ್ಲಿಂದ ಹೊಸ ಬಾಡಿಗೆದಾರರಿಗೆ. ಕಾದಂಬರಿ ಅದನ್ನು ಹತ್ತು ವರ್ಷದವಳ ಜೇಬಿಗೆ ಹಾಕುತ್ತದೆ. ಹಾಕಿದ ಕ್ಷಣದಿಂದ ಕಥೆ ಅವಳ ತಪ್ಪಿನದಾಗುತ್ತದೆ. ಅಯ್ಯೋ, ಯಾಕೆ ಬೀಗ ಹಾಕಿದೆ ಮಗಳೇ ಎಂದು ನಾವು ಮರುಗುತ್ತ ಕೂತಿರುತ್ತೇವೆ. ಮೀಟರಿನ ಬಗ್ಗೆ ಬರೆದವನು ನಮ್ಮ ಗಮನದಿಂದ ಮೆಲ್ಲಗೆ ಜಾರಿಹೋಗುತ್ತಾನೆ. ಕರುಣೆಗೆ ಈ ದೋಷ ಇದ್ದೇ ಇದೆ. ಹತ್ತಿರದ ಮುಖ ಸಿಕ್ಕರೆ ಅದನ್ನೇ ಅಪ್ಪಿಕೊಂಡು ಕೂರುತ್ತದೆ.

ಹಾಗೆಂದು ಲೇಖಕಿ ತಪ್ಪಿದರು ಎನ್ನಲೂ ಆಗುತ್ತಿಲ್ಲ. ಮಕ್ಕಳು ಯೋಚಿಸುವುದೇ ಹಾಗಲ್ಲವೇ? ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡಿದರೆ ತನ್ನಿಂದಲೇ ಎಂದುಕೊಳ್ಳುತ್ತವೆ. ನಾನು ಎಂಟು ವರ್ಷದವಳಿದ್ದಾಗ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತ ತಮ್ಮನನ್ನು ಉಗ್ರಾಣದೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದ್ದೆ. ಅಷ್ಟರಲ್ಲಿ ಯಾರೋ ಹಲಸಿನಹಣ್ಣು ಕೊಯ್ಯುತ್ತಿದ್ದಾರೆಂದು ಹಿತ್ತಿಲಿಗೆ ಓಡಿ, ಮರೆತೇಬಿಟ್ಟೆ. ಊಟಕ್ಕೆ ಎಲೆ ಹಾಕುವಾಗ ಒಂದು ಎಲೆಯ ಮುಂದೆ ಯಾರೂ ಇಲ್ಲದ್ದು ಕಂಡು ನೆನಪಾಯಿತು. ಅವನು ಅಕ್ಕಿ ಮೂಟೆಯ ಮೇಲೆ ಮಲಗಿ ನಿದ್ದೆಹೋಗಿದ್ದ. ಅಜ್ಜಿ ಬೈದರು, ಅಷ್ಟೇ. ಆದರೆ ಆ ಖಾಲಿ ಎಲೆ, ಅದರ ತುದಿಗೆ ಬಡಿಸಿದ್ದ ಉಪ್ಪಿನಕಾಯಿ, ನಲವತ್ತು ವರ್ಷದ ಮೇಲೂ ನನಗೆ ಹಾಗೇ ಇದೆ. ಕಥೆಯ ಹುಡುಗಿಯ ಪಕ್ಕದಲ್ಲಿ ಇದನ್ನು ಇಡಲು ನಾಚಿಕೆಯಾಗುತ್ತದೆ. ಓದುವಾಗ ನೆನಪಾಯಿತು ಎಂಬುದಷ್ಟೇ ಇದನ್ನು ಬರೆಯಲು ಕಾರಣ.

ಕಾದಂಬರಿಯ ಇನ್ನೊಂದು ಎಳೆ ಬಗ್ಗೆ ಹೆಚ್ಚು ಹೇಳುವ ಉಮೇದಿಲ್ಲ. 2002ರಲ್ಲಿ ಪ್ಯಾರಿಸ್ಸಿನಲ್ಲಿರುವ ಅಮೆರಿಕನ್ ಪತ್ರಕರ್ತೆ ಜೂಲಿಯಾ, ಘಟನೆಗೆ ಅರವತ್ತು ವರ್ಷ ತುಂಬಿದ್ದಕ್ಕೆ ಲೇಖನ ಬರೆಯಲು ಹೊರಟು ಹುಡುಗಿಯ ಜಾಡು ಹಿಡಿಯುತ್ತಾಳೆ. ಅವಳ ಗಂಡ, ಅವನ ಹಳೆಯ ಪ್ರೇಯಸಿ, ಬಸಿರು, ಬಿಡುಗಡೆ. ಒಂದು ಪುಟ ವೆಲ್ ದಿವ್, ಇನ್ನೊಂದು ಪುಟ ಊಟದ ಮೇಜಿನ ಮುನಿಸು. ಕಪಾಟು ತೆರೆದ ಮೇಲೆ ಹುಡುಗಿಯ ಎಳೆ ನಿಂತುಹೋಗಿ ಪುಸ್ತಕ ಪೂರ್ತಿ ಜೂಲಿಯಾಳ ಕೈಗೆ ಹೋಗುತ್ತದೆ; ಅಲ್ಲಿಂದ ನಾನು ಓದಿದ್ದು ಮುಗಿಸಬೇಕೆಂಬ ಹಟಕ್ಕೆ. ಹುಡುಗಿ ಬದುಕಿ, ಅಮೆರಿಕಕ್ಕೆ ಹೋಗಿ, ಮದುವೆಯಾಗಿ, ಮಗನಿಗೆ ಒಂದು ಮಾತೂ ಹೇಳದೆ ಸಾಯುತ್ತಾಳೆ. ಆ ಮೌನದ ಮೂವತ್ತು ವರ್ಷಗಳೊಳಗೆ ಕಾದಂಬರಿ ಇಳಿಯುವುದೇ ಇಲ್ಲ. ನನಗೆ ಬೇಕಾಗಿದ್ದದ್ದು ಅದು.

ಆದರೆ ಆ ಎಳೆಯಲ್ಲಿ ಒಂದು ಗಟ್ಟಿ ಪ್ರಶ್ನೆ ಇದೆ. ಜೂಲಿಯಾಳ ಗಂಡನ ಮನೆಯವರು 1942ರ ಬೇಸಗೆಯಲ್ಲೇ ಬಾಡಿಗೆಗೆ ಬಂದು ಸೇರಿದ್ದು ಹುಡುಗಿಯ ಮನೆಗೆ. ಮೊದಲಿದ್ದವರು ಎಲ್ಲಿ ಹೋದರು ಎಂದು ಕೇಳಲಿಲ್ಲ. ಯಾವುದೋ ಕೋಣೆಯಿಂದ ವಾಸನೆ ಬರುತ್ತಿದೆ, ಕೊಳವೆ ಕೆಟ್ಟಿರಬೇಕು ಅಂದುಕೊಂಡರು. ಅವರು ಕೆಟ್ಟವರಲ್ಲ. ಆ ಮನೆಯ ಹಿರಿಯ ಆಮೇಲೆ ಹುಡುಗಿಯ ಖರ್ಚಿಗೆ ಗುಟ್ಟಾಗಿ ದುಡ್ಡು ಕಳಿಸುತ್ತಾನೆ. ದುಡ್ಡು ಕಳಿಸುತ್ತಾನೆ, ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಈ ವಿಷಯ ಕನ್ನಡಕ್ಕೆ ಹೊಸದೇನಲ್ಲ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದು ಇಲ್ಲೇ ಬೆಳೆದ ಯೆಹೂದಿ ಹುಡುಗಿಯ ಕಥೆಯನ್ನು ನೇಮಿಚಂದ್ರ 'ಯಾದ್ ವಶೇಮ್' ಕಾದಂಬರಿಯಲ್ಲಿ ಬರೆದು ವರ್ಷಗಳೇ ಆದವು. ಅದನ್ನು ಓದಿದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ: ಕಳೆದುಹೋದವರನ್ನು ಮಗು ಹುಡುಕುವುದಕ್ಕೂ, ಮಗುವನ್ನು ಬೇರೆ ಯಾರೋ ಹುಡುಕುವುದಕ್ಕೂ ಇರುವ ವ್ಯತ್ಯಾಸ. ಮೊದಲನೆಯದರಲ್ಲಿ ಓದುಗರಿಗೆ ನಡೆಯಲು ದಾರಿ ಇರುತ್ತದೆ.

ಫ್ರಾನ್ಸಿನಲ್ಲಿ ಮಾತ್ರ ಬಹಳ ಕಾಲ ದಾರಿಯೇ ಮುಚ್ಚಿತ್ತು. 1956ರಲ್ಲಿ ಅಲೆನ್ ರೆನೆ ತೆಗೆದ ಸಾಕ್ಷ್ಯಚಿತ್ರವೊಂದರಲ್ಲಿ, ಫ್ರೆಂಚ್ ಶಿಬಿರವೊಂದನ್ನು ಕಾಯುತ್ತಿದ್ದ ಜೆಂದಾರ್ಮನ ಟೋಪಿ ಕಾಣುತ್ತದೆಂದು ಸೆನ್ಸಾರಿನವರು ಅದನ್ನು ಮರೆಮಾಡಿಸಿದರು. ವೆಲ್ ದಿವ್‌ನಲ್ಲಿ ಯುದ್ಧ ಮುಗಿದ ಮೇಲೂ ಸೈಕಲ್ ಪಂದ್ಯಗಳು ನಡೆದವು. 1959ರಲ್ಲಿ ಕಟ್ಟಡ ಕೆಡವಿದರು, ಆ ಜಾಗದಲ್ಲಿ ಎದ್ದದ್ದರಲ್ಲಿ ಗೃಹ ಇಲಾಖೆಯ ಕಚೇರಿಯೂ ಒಂದು. 1942ರಲ್ಲಿ ವಿಶಿ ಸರಕಾರದ ಪೊಲೀಸ್ ಮುಖ್ಯಸ್ಥನಾಗಿದ್ದ ರೆನೇ ಬೂಸ್ಕೆ ಬ್ಯಾಂಕಿನ ದೊಡ್ಡ ಕುರ್ಚಿಗಳಲ್ಲಿ ಕೂತು ಬಾಳಿದ. 1993ರಲ್ಲಿ ವಿಚಾರಣೆ ಶುರುವಾಗುವ ಮೊದಲೇ ಒಬ್ಬ ಅವನನ್ನು ಗುಂಡಿಕ್ಕಿ ಕೊಂದ. ತಪ್ಪು ಮಾಡಿದ್ದು ಫ್ರಾನ್ಸ್ ಎಂದು ರಾಷ್ಟ್ರಾಧ್ಯಕ್ಷರೊಬ್ಬರು, ಜಾಕ್ ಶಿರಾಕ್, ಬಾಯಿ ಬಿಟ್ಟು ಹೇಳಿದ್ದು 1995ರ ಜುಲೈ 16ರಂದು. ಐವತ್ತಮೂರು ವರ್ಷ. ಕಪಾಟಿನಲ್ಲಿದ್ದ ಹುಡುಗ ಬದುಕಿದ್ದರೆ ನಿವೃತ್ತಿಯ ಹತ್ತಿರ ಇರುತ್ತಿದ್ದ.

ಇನ್ನೊಂದು ವಿಚಿತ್ರ ಇದೆ. ಅಷ್ಟು ದೊಡ್ಡ ಘಟನೆಯ ಫೋಟೋ ಎಂದು ಉಳಿದಿರುವುದು ಒಂದೇ: ಕ್ರೀಡಾಂಗಣದ ಹೊರಗೆ ಸಾಲಾಗಿ ನಿಂತ ಬಸ್ಸುಗಳು. ಒಳಗಿನದೆಂದು ವರ್ಷಗಟ್ಟಲೆ ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದ ಇನ್ನೊಂದು ಚಿತ್ರವಿತ್ತು, ಕ್ರೀಡಾಂಗಣದೊಳಗೆ ಕೂಡಿಹಾಕಿದ ಜನರದ್ದು. ಅವರು ಯೆಹೂದಿಗಳೇ ಅಲ್ಲ, 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದ ಮೇಲೆ ಅದೇ ಜಾಗದಲ್ಲಿ ಸೆರೆಹಿಡಿದಿಟ್ಟ, ನಾಜಿಗಳ ಜೊತೆ ಕೈಜೋಡಿಸಿದ್ದ ಆಪಾದಿತರು ಎಂದು ತೋರಿಸಿಕೊಟ್ಟವರು ಚರಿತ್ರೆಕಾರ ಸೆರ್ಜ್ ಕ್ಲಾರ್ಸ್‌ಫೆಲ್ಡ್. ಎಷ್ಟು ಜನ ಆ ಚಿತ್ರ ನೋಡಿ, ತಪ್ಪಾದ ಮುಖಗಳಿಗೆ ಕಣ್ಣೀರು ಹಾಕಿರಬಹುದು!

2017ರಲ್ಲಿ ನೆಲಾತೋಂ ಬೀದಿಯ ಆ ಜಾಗದ ಬಳಿ ಒಂದು ಸಣ್ಣ ತೋಟ ಮಾಡಿ, ಗೋಡೆಯ ಮೇಲೆ ಮಕ್ಕಳ ಹೆಸರುಗಳನ್ನು ಕೆತ್ತಿಸಿದ್ದಾರೆ. ಹೆಸರಿನ ಪಕ್ಕ ವಯಸ್ಸೂ ಇದೆ.

ಪುಸ್ತಕ ಮುಗಿಸಿದ ಮರುದಿನ ತಮ್ಮನಿಗೆ ಫೋನ್ ಮಾಡಿದೆ. ಉಗ್ರಾಣದ ಸಂಗತಿ ನೆನಪಿದೆಯಾ ಎಂದು ಕೇಳಿದೆ.

"ಯಾವ ಉಗ್ರಾಣ?"

"ಅಜ್ಜನ ಮನೆದು ಕಣೋ. ನಾನು ಚಿಲಕ ಹಾಕಿ ಮರೆತಿದ್ದೆನಲ್ಲ, ನೀನು ಮೂಟೆ ಮೇಲೆ ಮಲಗಿದ್ದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕ. "ಅಕ್ಕಾ, ಅದು ನಾನಲ್ಲ ಕಣೇ. ಚಿಕ್ಕಮ್ಮನ ಮಗ. ನಾನು ನಿನ್ನ ಜೊತೆ ಹಲಸಿನ ಮರದ ಕೆಳಗೇ ಇದ್ದೆ. ಅಜ್ಜಿ ನನಗೂ ಬೈದಿದ್ರು."

ನಲವತ್ತು ವರ್ಷ ನಾನು ತಪ್ಪಾದ ಹುಡುಗನ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ಬಂದಿದ್ದೆ. ಚಿಕ್ಕಮ್ಮನ ಮಗ ಈಗ ಪುಣೆಯಲ್ಲಿದ್ದಾನೆ. ಲಿಫ್ಟ್ ಹತ್ತಲು ಹೆದರುತ್ತಾನೆ, ಏಳನೇ ಮಹಡಿಗೂ ಮೆಟ್ಟಿಲೇ ಹತ್ತುತ್ತಾನೆ ಎಂದು ಮನೆಯಲ್ಲಿ ಎಲ್ಲರೂ ಅವನನ್ನು ತಮಾಷೆ ಮಾಡುತ್ತೇವೆ. ಅವನ ನಂಬರು ಫೋನಿನಲ್ಲಿದೆ. ಇನ್ನೂ ಮಾಡಿಲ್ಲ.